ಇಂಟೆಲ್ ಡೆಸ್ಕ್‌ಟಾಪ್‌ಗೆ 64 ಬಿಟ್ ತರಲು ತಡಮಾಡಿದ್ದೇಕೆ?

ಹಳೆಯ ಮದರ್‌ಬೋರ್ಡ್:

ಕಳೆದ ವಾರ ಮಗಳು ತನ್ನ ಲ್ಯಾಪ್‌ಟಾಪ್‌ಗೆ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಳ್ಳಲು ಕಡತ ಇಳಿಸಿಕೊಳ್ಳುತ್ತಿದ್ದಳು. ಕಡತದ ಹೆಸರಿನಲ್ಲಿ ‘ಎಎಂಡಿ64’ ಎಂದಿರುವುದನ್ನು ಕಂಡು, ತನ್ನದು ಇಂಟೆಲ್ ಪ್ರೊಸೆಸರ್ ಆದ್ದರಿಂದ ಏನೋ ತಪ್ಪಾಗಿದೆ ಎಂದುಕೊಂಡು ನಿಲ್ಲಿಸಿಬಿಟ್ಟಳು. ಕಡತ ಸರಿಯಾಗಿಯೇ ಇತ್ತು. ಇವತ್ತು ಇಂಟೆಲ್ ಚಿಪ್ಪಿನೊಳಗೆ ನಡೆಯುವ 64 ಬಿಟ್ ಸೂಚನೆಗಳನ್ನು ಮೊದಲು ರೂಪಿಸಿದ್ದು ಎಎಂಡಿ ಎಂದು ಹೇಳಿದರೆ ಅವಳು ನಂಬಲಿಲ್ಲ. ಎಕ್ಸ್86 ಎಂಬ ಪ್ರೊಸೆಸರ್ ಕುಟುಂಬವನ್ನು ಹುಟ್ಟಿಸಿ ಬೆಳೆಸಿದ ಇಂಟೆಲ್ ಕಂಪನಿಯೇ ಅದರ ಮುಂದಿನ ಹೆಜ್ಜೆಯನ್ನು ಪ್ರತಿಸ್ಪರ್ಧಿಯಿಂದ ಪಡೆಯಬೇಕಾಗಿ ಬಂದದ್ದು ಹೇಗೆಂದು ವಿವರಿಸಲು ಹೊರಟಾಗ, ಇದನ್ನೊಮ್ಮೆ ಕ್ರಮವಾಗಿ ಬರೆದಿಡಬೇಕು ಎನ್ನಿಸಿತು. ಆ ಕಾಲದಲ್ಲಿ ಈ ಕೆಲಸದಲ್ಲೇ ಇದ್ದವರು ನಿಮ್ಮಲ್ಲಿ ಹಲವರಿದ್ದೀರಿ. ತಪ್ಪಿದ್ದರೆ ದಯವಿಟ್ಟು ತಿದ್ದಿ.

1985ರಲ್ಲಿ ಬಂದ 80386ರೊಂದಿಗೆ ಎಕ್ಸ್86 ಕುಟುಂಬ 16 ಬಿಟ್‌ನಿಂದ 32 ಬಿಟ್‌ಗೆ ಏರಿತು. 32 ಬಿಟ್ ಉದ್ದದ ವಿಳಾಸದಿಂದ 429,49,67,296 ಬೈಟ್‌ಗಳನ್ನು, ಅಂದರೆ 4 ಜಿಬಿ ಮೆಮೊರಿಯನ್ನು ಮಾತ್ರ ಗುರುತಿಸಬಹುದು. ಒಂದೆರಡು ಎಂಬಿ ಇದ್ದರೇ ದೊಡ್ಡ ಮಾತಾಗಿದ್ದ ಆ ದಿನಗಳಲ್ಲಿ ಈ ಮಿತಿಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ದೊಡ್ಡ ಯಂತ್ರಗಳನ್ನು ಮಾಡುವವರು ಮಾತ್ರ ಕಾಯಲಿಲ್ಲ. 1991ರಲ್ಲಿ ಮಿಪ್ಸ್ ಆರ್4000, 1992ರಲ್ಲಿ ಡೆಕ್ ಕಂಪನಿಯ ಆಲ್ಫಾ, 1995ರಲ್ಲಿ ಸನ್‌ನ ಅಲ್ಟ್ರಾಸ್ಪಾರ್ಕ್ ಒಂದರ ಹಿಂದೆ ಒಂದು 64 ಬಿಟ್‌ಗೆ ದಾಟಿದವು. ಇಂಟೆಲ್ ಕೂಡ ಸುಮ್ಮನೆ ಕುಳಿತಿರಲಿಲ್ಲ. 1994ರಲ್ಲಿಯೇ ಎಚ್‌ಪಿಯೊಂದಿಗೆ ಸೇರಿ 64 ಬಿಟ್ ಪ್ರೊಸೆಸರ್‌ನ ಕೆಲಸಕ್ಕೆ ಇಳಿದಿತ್ತು. ಆದರೆ ಎಕ್ಸ್86 ಅನ್ನು ಅಗಲಿಸುವ ಬದಲು, ಅದನ್ನು ಬದಿಗಿಟ್ಟು ಐಎ-64 ಎಂಬ ಹೊಚ್ಚ ಹೊಸ ವಿನ್ಯಾಸವನ್ನು ಕಟ್ಟಲು ಹೊರಟಿತ್ತು. ಇಟೇನಿಯಂ ಹುಟ್ಟಿದ್ದು ಅದರಿಂದ. 1990ರ ದಶಕ ಮುಗಿಯುವುದರೊಳಗೆ ಬರಬೇಕಿದ್ದ ಮೊದಲ ಇಟೇನಿಯಂ ಮಾರುಕಟ್ಟೆಗೆ ಬಂದದ್ದು 2001ರ ಮಧ್ಯದಲ್ಲಿ, 733 ಮತ್ತು 800 ಮೆಗಾಹರ್ಟ್ಸ್ ವೇಗದಲ್ಲಿ.

ಎಎಂಡಿ ಬೇರೆ ದಾರಿ ಹಿಡಿಯಿತು. ಹಳೆಯ ಪ್ರೋಗ್ರಾಂಗಳೂ ಓಡುವಂತೆ, ಇದ್ದ ಎಕ್ಸ್86 ಅನ್ನೇ 64 ಬಿಟ್‌ಗೆ ಹಿಗ್ಗಿಸುವುದಾಗಿ 1999ರ ಅಕ್ಟೋಬರ್‌ನಲ್ಲಿ ಹೇಳಿತು. 2000ದ ಆಗಸ್ಟ್‌ನಲ್ಲಿ ಅದರ ವಿವರಗಳನ್ನು ಎಲ್ಲರ ಮುಂದಿಟ್ಟಿತು. 2003ರ ಏಪ್ರಿಲ್‌ನಲ್ಲಿ ಸರ್ವರ್‌ಗಳಿಗಾಗಿ ಆಪ್ಟೆರಾನ್, ಅದೇ ವರ್ಷ ಸೆಪ್ಟೆಂಬರ್ 23ರಂದು ಮನೆಯ ಕಂಪ್ಯೂಟರ್‌ಗಳಿಗಾಗಿ ಆಥ್ಲಾನ್ 64 ಬಿಡುಗಡೆ ಮಾಡಿತು. ಆ ವರ್ಷದ ಆರಂಭದಲ್ಲಿಯೂ ಇಂಟೆಲ್‌ನವರು, ಡೆಸ್ಕ್‌ಟಾಪ್‌ಗೆ 64 ಬಿಟ್‌ನ ಅಗತ್ಯ ದಶಕದ ಕೊನೆಯವರೆಗೆ ಬರಲಾರದು ಎನ್ನುತ್ತಿದ್ದರು. ಆದರೆ 2004ರ ಫೆಬ್ರುವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಡೆವಲಪರ್‌ಗಳ ಸಭೆಯಲ್ಲಿ, ಅಂದಿನ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಅವರೇ ಎಕ್ಸ್86ಕ್ಕೆ 64 ಬಿಟ್ ವಿಸ್ತರಣೆ ತರುವುದಾಗಿ ಪ್ರಕಟಿಸಿದರು. ಜೂನ್‌ನಲ್ಲಿ ಅದು ಸರ್ವರ್‌ಗಳಿಗಾಗಿ ಇಂಟೆಲ್ ಮಾಡುವ ಕ್ಸಿಯಾನ್‌ಗೆ ಬಂದಿತು. ಸಾಮಾನ್ಯ ಗ್ರಾಹಕರು ಕೊಳ್ಳುವ ಪೆಂಟಿಯಂ 4ರ 600ರ ಸರಣಿಗೆ ಬರುವಾಗ 2005ರ ಫೆಬ್ರುವರಿ ಆಗಿತ್ತು. ಆಥ್ಲಾನ್ 64 ಬಂದು ಅಷ್ಟರಲ್ಲಿ ಹದಿನೇಳು ತಿಂಗಳು ಕಳೆದಿದ್ದವು.

ಆ ಹದಿನೇಳು ತಿಂಗಳು ಎಂಜಿನಿಯರುಗಳ ಕೈಯಲ್ಲಿ ಆದ ತಡವಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಡೆಸ್ಕ್‌ಟಾಪ್‌ನಲ್ಲಿ ಅಗ್ಗದ 64 ಬಿಟ್ ಸಿಕ್ಕಿಬಿಟ್ಟರೆ ಇಟೇನಿಯಂ ಅನ್ನು ಯಾರೂ ಕೇಳುವುದಿಲ್ಲ ಎಂಬ ಭಯದಿಂದ, ಮಾಡಲು ಬರುತ್ತಿದ್ದ ಕೆಲಸವನ್ನು ಬೇಕೆಂದೇ ತಡೆದಿಟ್ಟದ್ದು ಅದು.

ಎಸ್‌ಪಿ ರಸ್ತೆ:

ಸರ್, ವಿವರಗಳಿಗೆ ನನ್ನ ತಕರಾರಿಲ್ಲ, ತೀರ್ಮಾನಕ್ಕೆ ಇದೆ. 2002ರಿಂದ 2007ರವರೆಗೆ ನಾನು ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಜೋಡಿಸುವ ಕೆಲಸ ಮಾಡುತ್ತಿದ್ದೆ. ನೀವು ಹೇಳುವ ಆ ಹದಿನೇಳು ತಿಂಗಳಲ್ಲಿ ಕೌಂಟರಿನ ಮುಂದೆ ನಿಂತು 64 ಬಿಟ್ ಬೇಕೆಂದು ಕೇಳಿದವರನ್ನು ನಾನು ಕಂಡಿಲ್ಲ. ನಾವು ಹಾಕುತ್ತಿದ್ದುದು 128 ಇಲ್ಲವೇ 256 ಎಂಬಿ ಮೆಮೊರಿ. 512 ಹಾಕಿಸಿಕೊಂಡವರು ಆಟ ಆಡುವವರು ಅಥವಾ ಡಿಟಿಪಿ ಮಾಡುವವರು. 4 ಜಿಬಿಯ ಗೋಡೆ ಅವರಿಗೆಲ್ಲ ಎಷ್ಟು ದೂರದಲ್ಲಿತ್ತು, ನೀವೇ ಯೋಚಿಸಿ.

ಇನ್ನೊಂದು ಮಾತು. ಆಥ್ಲಾನ್ 64 ಕೊಂಡವರು ಅದರಲ್ಲಿ ಹಾಕಿಸಿಕೊಂಡದ್ದು 32 ಬಿಟ್‌ನ ವಿಂಡೋಸ್ ಎಕ್ಸ್‌ಪಿಯನ್ನೇ. 64 ಬಿಟ್‌ನ ಎಕ್ಸ್‌ಪಿ ಬಂದದ್ದು 2005ರ ಏಪ್ರಿಲ್‌ನಲ್ಲಿ, ಅಂದರೆ ಪೆಂಟಿಯಂ 4ರ 600ರ ಸರಣಿ ಬಂದು ಎರಡು ತಿಂಗಳಾದ ಮೇಲೆ. ಬಂದ ಮೇಲೂ ಪ್ರಿಂಟರ್‌ಗೆ ಡ್ರೈವರ್ ಇಲ್ಲ, ಸ್ಕ್ಯಾನರ್‌ಗೆ ಡ್ರೈವರ್ ಇಲ್ಲ. ಆಸೆಪಟ್ಟು ಹಾಕಿಸಿಕೊಂಡ ಒಬ್ಬ ಸ್ಟುಡಿಯೋ ಮಾಲೀಕರು, ತಮ್ಮ ಸ್ಕ್ಯಾನರ್ ಕೆಲಸ ಮಾಡುವುದಿಲ್ಲ ಎಂದು ನಾಲ್ಕೇ ದಿನಕ್ಕೆ ಯಂತ್ರ ಹೊತ್ತು ತಂದು ಹಳೆಯ ಎಕ್ಸ್‌ಪಿಯನ್ನೇ ಹಾಕಿಸಿಕೊಂಡು ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಆಥ್ಲಾನ್ 64 ಆಟಗಳಲ್ಲಿ ವೇಗವಾಗಿದ್ದುದು ನಿಜ. ಆದರೆ ಅದರಲ್ಲಿ ದೊಡ್ಡ ಪಾಲು ಮೆಮೊರಿ ಕಂಟ್ರೋಲರ್ ಅನ್ನು ಪ್ರೊಸೆಸರ್‌ನ ಒಳಗೇ ತಂದು ಕೂರಿಸಿದ್ದರದು, 64 ಬಿಟ್‌ನದಲ್ಲ. ಹೀಗಿರುವಾಗ, ದಶಕದ ಕೊನೆಯವರೆಗೆ ಬೇಕಾಗುವುದಿಲ್ಲ ಎಂದ ಇಂಟೆಲ್‌ನ ಮಾತು ಗ್ರಾಹಕರ ಮಟ್ಟಿಗೆ ಅಷ್ಟೇನೂ ತಪ್ಪಾಗಿರಲಿಲ್ಲ.

ಕಂಪೈಲರ್ ಮನೆ:

ಇದುವರೆಗಿನ ಮಾತಿನಲ್ಲಿ ಇಟೇನಿಯಂ ಹೆಸರಿಗಷ್ಟೇ ಬಂದು ಹೋಗಿದೆ. ಅದನ್ನು ಅರ್ಥ ಮಾಡಿಕೊಳ್ಳದೆ ಈ ತಡವನ್ನು ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ. ಕೆಲವು ವರ್ಷ ಆ ಪ್ರೊಸೆಸರ್‌ಗಾಗಿ ಕಂಪೈಲರ್‌ನ, ಅಂದರೆ ನಾವು ಬರೆದ ಪ್ರೋಗ್ರಾಂ ಅನ್ನು ಪ್ರೊಸೆಸರ್‌ನ ಸೂಚನೆಗಳಾಗಿ ಬದಲಿಸುವ ತಂತ್ರಾಂಶದ, ಕೆಲಸ ಮಾಡಿದವನಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಇಟೇನಿಯಂನ ಮೂಲ ಕಲ್ಪನೆ ಸುಂದರವಾಗಿತ್ತು, ಇದನ್ನು ಮನಸಾರೆ ಹೇಳುತ್ತೇನೆ. ಎಕ್ಸ್86 ಪ್ರೊಸೆಸರ್ ಸೂಚನೆಗಳನ್ನು ಒಂದರ ಹಿಂದೆ ಒಂದರಂತೆ ಪಡೆಯುತ್ತದೆ. ಆದರೆ ಅವುಗಳಲ್ಲಿ ಯಾವುದು ಯಾವುದನ್ನು ಕಾಯಬೇಕು, ಯಾವುದನ್ನು ಮುಂಚೆಯೇ ಮುಗಿಸಬಹುದು ಎಂದು ಕೆಲಸ ನಡೆಯುತ್ತಿರುವಾಗಲೇ ತಾನೇ ಲೆಕ್ಕ ಹಾಕಿ ಹಿಂದೆ ಮುಂದೆ ಮಾಡಿಕೊಳ್ಳುತ್ತದೆ. ಈ ಲೆಕ್ಕಾಚಾರಕ್ಕೇ ಸಾಕಷ್ಟು ಟ್ರಾನ್ಸಿಸ್ಟರುಗಳೂ ವಿದ್ಯುತ್ತೂ ಖರ್ಚಾಗುತ್ತವೆ. ಅದನ್ನು ಪ್ರೊಸೆಸರ್‌ನಿಂದ ತೆಗೆದು ಕಂಪೈಲರ್‌ಗೆ ವಹಿಸಿದರೆ ಹೇಗೆ ಎಂದು ಎಚ್‌ಪಿ ಮತ್ತು ಇಂಟೆಲ್‌ನವರು ಯೋಚಿಸಿದರು. ಒಟ್ಟಿಗೆ ನಡೆಯಬಹುದಾದ ಕೆಲಸಗಳು ಯಾವುವು ಎಂದು ಕಂಪೈಲರ್ ಮೊದಲೇ ಗುರುತು ಹಾಕಿ ಕೊಡುತ್ತದೆ. ಪ್ರೊಸೆಸರ್ ಅದನ್ನು ನಂಬಿ ನಡೆಸುತ್ತದೆ. 41 ಬಿಟ್‌ನ ಮೂರು ಸೂಚನೆಗಳು, ಅವುಗಳ ಬಗೆಯನ್ನೂ ಎಲ್ಲಿ ನಿಲ್ಲಬೇಕೆಂಬುದನ್ನೂ ತಿಳಿಸುವ 5 ಬಿಟ್, ಒಟ್ಟು 128 ಬಿಟ್‌ನ ಒಂದು ಕಟ್ಟು. ಇಂಥ ಕಟ್ಟುಗಳ ಸಾಲೇ ಇಟೇನಿಯಂನ ಪ್ರೋಗ್ರಾಂ. ಲೆಕ್ಕದ ಮೌಲ್ಯಗಳನ್ನು ಪ್ರೊಸೆಸರ್‌ನೊಳಗೇ ಹಿಡಿದಿಡುವ ಸಾಮಾನ್ಯ ಬಳಕೆಯ ರಿಜಿಸ್ಟರುಗಳು ಎಕ್ಸ್86ರಲ್ಲಿ ಎಂಟೇ ಇದ್ದರೆ ಇದರಲ್ಲಿ 128 ಇದ್ದವು. ಮೊದಲ ಸಲ ಆ ಕೈಪಿಡಿ ಓದಿದಾಗ ನನಗಾದ ಸಂತೋಷ ಈಗಲೂ ಮನಸ್ಸಿನಲ್ಲಿದೆ.

ತೊಂದರೆ ಎಲ್ಲಿ ಬಂದಿತು ಎಂಬುದಕ್ಕೆ ಮದುವೆ ಮನೆಯ ಅಡುಗೆಯನ್ನು ನೆನೆಸಿಕೊಳ್ಳಿ. ಯಾವ ಒಲೆಯಲ್ಲಿ ಯಾವಾಗ ಏನು ಇಡಬೇಕು ಎಂದು ಹಿಂದಿನ ರಾತ್ರಿಯೇ ಚೀಟಿ ಬರೆದಿಡಲಾಗಿದೆ ಎಂದುಕೊಳ್ಳಿ. ತೊಳೆದ ಅಕ್ಕಿ ಹೊತ್ತಿಗೆ ಸರಿಯಾಗಿ ಬಂದರೆ ಎಲ್ಲವೂ ಸುಸೂತ್ರ. ಅಕ್ಕಿ ಅರ್ಧ ಗಂಟೆ ತಡವಾದರೆ, ಅನುಭವಿ ಅಡುಗೆ ಭಟ್ಟರು ಅನ್ನದ ಒಲೆಗೆ ಸಾರಿನ ಕೊಳಗ ಏರಿಸಿ ಆ ಹೊತ್ತನ್ನು ಉಳಿಸುತ್ತಾರೆ. ಚೀಟಿಯನ್ನೇ ನಂಬಿದವನು ಕೈಕಟ್ಟಿ ನಿಲ್ಲುತ್ತಾನೆ. ಪ್ರೊಸೆಸರ್‌ಗೆ ಮೆಮೊರಿಯಿಂದ ಬರಬೇಕಾದ ದತ್ತಾಂಶ ಆ ಅಕ್ಕಿಯ ಹಾಗೆ. ಅದು ಪ್ರೊಸೆಸರ್‌ನೊಳಗಿನ ವೇಗದ ಪುಟ್ಟ ಮೆಮೊರಿಯಾದ ಕ್ಯಾಶ್‌ನಲ್ಲಿಯೇ ಸಿಗುತ್ತದೋ, ಹೊರಗಿನ ಮೆಮೊರಿಯಿಂದ ಬರಬೇಕೋ ಎಂಬುದು ಪ್ರೋಗ್ರಾಂ ಓಡುವಾಗಷ್ಟೇ ತಿಳಿಯುತ್ತದೆ. ಕಂಪೈಲರ್ ಎಷ್ಟೇ ಜಾಣನಾದರೂ ಹಿಂದಿನ ರಾತ್ರಿ ಅದನ್ನು ತಿಳಿಯಲಾರ. ಮ್ಯಾಟ್ರಿಕ್ಸ್ ಗುಣಾಕಾರದಂಥ, ಮುಂದಿನ ಹೆಜ್ಜೆ ಸ್ಪಷ್ಟವಾಗಿರುವ ಲೆಕ್ಕಗಳಲ್ಲಿ ಇಟೇನಿಯಂ 2 ಅತ್ಯುತ್ತಮವಾಗಿ ಓಡುತ್ತಿತ್ತು. ಪಾಯಿಂಟರುಗಳ, ಅಂದರೆ ಮೆಮೊರಿ ವಿಳಾಸಗಳ, ಹಿಂದೆ ಓಡಾಡುವ, ಹೆಜ್ಜೆಹೆಜ್ಜೆಗೂ ಕವಲೊಡೆಯುವ ಸಾಮಾನ್ಯ ಡೆಸ್ಕ್‌ಟಾಪ್ ಪ್ರೋಗ್ರಾಂಗಳಲ್ಲಿ ನಾವು ಕಟ್ಟಿದ ಕಟ್ಟುಗಳಲ್ಲಿ ಮೂರಕ್ಕೆ ಒಂದೋ ಎರಡೋ ಸ್ಥಾನ ‘ಏನೂ ಮಾಡಬೇಡ’ ಎಂಬ ಸೂಚನೆಯಿಂದಲೇ ತುಂಬಿಹೋಗುತ್ತಿತ್ತು.

ಜೊತೆಗೆ, ಹಳೆಯ ಎಕ್ಸ್86 ಪ್ರೋಗ್ರಾಂಗಳು ಅದರ ಮೇಲೆ ಅದೇ ಕಾಲದ ಪೆಂಟಿಯಂಗಿಂತ ಎಷ್ಟೋ ನಿಧಾನವಾಗಿ ನಡೆಯುತ್ತಿದ್ದವು. ಮನೆಯ ಕಂಪ್ಯೂಟರ್‌ಗೆ ಇಟೇನಿಯಂ ಇಳಿದು ಬರುವ ದಾರಿ ಅಲ್ಲಿಗೇ ಮುಚ್ಚಿಹೋಗಿತ್ತು. ಹಾಗಾಗಿ ಮೊದಲ ಬರಹಗಾರರ ವಾದಕ್ಕೆ ಒಂದು ತಿದ್ದುಪಡಿ ಸೇರಿಸುತ್ತೇನೆ. ಇಂಟೆಲ್ ಇಟೇನಿಯಂ ಅನ್ನು ಕಾಪಾಡಲು ಹೊರಟದ್ದು ಬರಿಯ ಲಾಭದ ಲೆಕ್ಕದಿಂದಲ್ಲ. ಎಚ್‌ಪಿ ತನ್ನ ಪಿಎ-ರಿಸ್ಕ್ ಪ್ರೊಸೆಸರ್ ಅನ್ನು ಬಿಟ್ಟು ಬಂದಿತ್ತು, ಆಲ್ಫಾವನ್ನು ಕಾಂಪ್ಯಾಕ್ 2001ರಲ್ಲಿ ಕೈಬಿಟ್ಟಿತ್ತು, ಎಸ್‌ಜಿಐ ಮಿಪ್ಸ್‌ನಿಂದ ಇತ್ತ ತಿರುಗಿತ್ತು. ಇಷ್ಟು ಜನ ತಮ್ಮ ತಮ್ಮ ಮನೆ ಕೆಡವಿ ಇವರ ಚಾವಣಿಯ ಕೆಳಗೆ ಬಂದಿರುವಾಗ, ಎಕ್ಸ್86ರಲ್ಲೂ 64 ಬಿಟ್ ಕೊಡುತ್ತೇವೆ ಎಂದು ಹೇಳುವುದು ಸುಲಭವಿರಲಿಲ್ಲ.

ಹಳೆಯ ಮದರ್‌ಬೋರ್ಡ್:

ಈ ತಿದ್ದುಪಡಿಯನ್ನು ಒಪ್ಪುತ್ತೇನೆ. ಆದರೂ ಹಾಗೆ ಬಂದು ಸೇರಿದವರಲ್ಲಿ ಮೊದಲನೆಯದಾದ ಎಚ್‌ಪಿಯೇ 2004ರ ಫೆಬ್ರುವರಿಯಲ್ಲಿ, ಇಂಟೆಲ್‌ನ ಪ್ರಕಟಣೆಯಾದ ಒಂದು ವಾರಕ್ಕೆ, ಆಪ್ಟೆರಾನ್ ಸರ್ವರ್‌ಗಳನ್ನು ಮಾರುವುದಾಗಿ ಹೇಳಿತು. ಕೊಟ್ಟ ಮಾತಿಗೆ ಕಟ್ಟುಬಿದ್ದು ಕುಳಿತ ಇಂಟೆಲ್‌ಗೆ ಅದರಿಂದ ಸಿಕ್ಕಿದ್ದಾದರೂ ಏನು?

ಮಗ್ಗಿ:

ಎಸ್‌ಪಿ ರಸ್ತೆಯವರ ಕೌಂಟರಿಗೆ ಬಾರದ ಗ್ರಾಹಕರೂ ಆಗ ಇದ್ದರು, ಅವರಲ್ಲಿ ನಾನೂ ಒಬ್ಬಳು. 2003ರಲ್ಲಿ ನಾನು ಸಂಶೋಧನೆ ಮಾಡುತ್ತಿದ್ದೆ. ನನ್ನ ಲೆಕ್ಕಕ್ಕೆ 20,000 ಸಾಲು, 20,000 ಕಂಬಗಳ ದಟ್ಟವಾದ ಮ್ಯಾಟ್ರಿಕ್ಸ್ ಒಂದು ಬೇಕಾಗಿತ್ತು. ಒಂದೊಂದು ಸಂಖ್ಯೆಗೆ 8 ಬೈಟ್‌ನಂತೆ ಒಟ್ಟು 320 ಕೋಟಿ ಬೈಟ್. ವಿಂಡೋಸ್‌ನಲ್ಲಿ ಒಂದು ಪ್ರೋಗ್ರಾಂಗೆ 2 ಜಿಬಿ ಮಾತ್ರ ದಕ್ಕುತ್ತಿದ್ದುದರಿಂದ ಅದು ಸಾಧ್ಯವೇ ಇರಲಿಲ್ಲ. ಲಿನಕ್ಸ್‌ನಲ್ಲಿ 3 ಜಿಬಿ, ಅಂದರೆ 322 ಕೋಟಿ ಬೈಟ್ ಸಿಗುತ್ತಿತ್ತು. ಕಾಗದದ ಮೇಲೆ ಹಿಡಿಸುತ್ತದೆ. ಆದರೆ ಅದೇ ಜಾಗದಲ್ಲಿ ಪ್ರೋಗ್ರಾಂ ಕೂರಬೇಕು, ಲೈಬ್ರರಿಗಳು ಕೂರಬೇಕು, ಸ್ಟಾಕ್ ಇರಬೇಕು. 320 ಕೋಟಿ ಬೈಟ್ ಒಂದೇ ತುಂಡಾಗಿ ಉಳಿಯುತ್ತಿರಲಿಲ್ಲ. ಮೆಮೊರಿ ಕೇಳಿದ ಸಾಲಿನಲ್ಲಿಯೇ ಪ್ರೋಗ್ರಾಂ ಪ್ರತಿ ಸಲವೂ ನಿಂತುಬಿಡುತ್ತಿತ್ತು. ಯಂತ್ರದಲ್ಲಿ 4 ಜಿಬಿ ಮೆಮೊರಿ ಇತ್ತು, ಅದಕ್ಕೆ ವಿಭಾಗದವರು ದುಡ್ಡು ಸುರಿದಿದ್ದರು, ಆದರೆ ನನ್ನ ಒಂದು ಪ್ರೋಗ್ರಾಂಗೆ ಅದರ ಪೂರ್ತಿ ಉಪಯೋಗವಿರಲಿಲ್ಲ. 1995ರ ಪೆಂಟಿಯಂ ಪ್ರೋ ಕಾಲದಿಂದಲೂ 36 ಬಿಟ್ ಭೌತಿಕ ವಿಳಾಸದ ವ್ಯವಸ್ಥೆಯೊಂದು ಇತ್ತಲ್ಲ ಎಂದು ಯಾರಾದರೂ ಕೇಳಬಹುದು. ಅದರಿಂದ ಯಂತ್ರಕ್ಕೆ 64 ಜಿಬಿವರೆಗೆ ಮೆಮೊರಿ ಹಾಕಬಹುದಿತ್ತೇ ಹೊರತು, ಒಂದೊಂದು ಪ್ರೋಗ್ರಾಂ ಕಾಣುವ ಜಗತ್ತು 4 ಜಿಬಿಯೇ ಆಗಿರುತ್ತಿತ್ತು.

ಮ್ಯಾಟ್ರಿಕ್ಸನ್ನು ತುಂಡು ಮಾಡಿ ಡಿಸ್ಕಿನಲ್ಲಿಟ್ಟು, ಬೇಕಾದಾಗ ಬೇಕಾದ ತುಂಡನ್ನು ತಂದುಕೊಳ್ಳುವಂತೆ ಬರೆದು ಮುಗಿಸಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಮರುವರ್ಷ ವಿಭಾಗಕ್ಕೆ ಆಪ್ಟೆರಾನ್ ಯಂತ್ರ ಬಂದಿತು. ನನ್ನ ಮೊದಲಿನ, ಯಾವ ಕಸರತ್ತೂ ಇಲ್ಲದ ಪ್ರೋಗ್ರಾಂ ಅನ್ನು ಅದರಲ್ಲಿ ಮತ್ತೆ ಕಂಪೈಲ್ ಮಾಡಿದೆ. ಅದು ಹಾಗೆಯೇ ಓಡಿತು.

ಮೆಮೊರಿಯ ಮಾತನ್ನು ಬಿಟ್ಟರೂ ಇನ್ನೊಂದು ಲಾಭವಿತ್ತು. ಎರಡಂಕಿಯ ಎರಡು ಸಂಖ್ಯೆಗಳನ್ನು ಕಾಗದದಲ್ಲಿ ಗುಣಿಸುವಾಗ ನಾವು ನಾಲ್ಕು ಸಲ ಮಗ್ಗಿ ಹೇಳಿ, ಸ್ಥಾನ ನೋಡಿ ಕೂಡಿಸುತ್ತೇವೆ. 64 ಬಿಟ್‌ನ ಎರಡು ಸಂಖ್ಯೆಗಳನ್ನು ಪೂರ್ತಿಯಾಗಿ ಗುಣಿಸಲು 32 ಬಿಟ್ ಪ್ರೊಸೆಸರ್ ಮಾಡುವುದೂ ಅದನ್ನೇ: ನಾಲ್ಕು ಗುಣಾಕಾರ, ಅವುಗಳ ಮೇಲೆ ಕೂಡುವಿಕೆ, ದಶಕ ಒಯ್ಯುವ ಕೆಲಸ. 64 ಬಿಟ್ ಪ್ರೊಸೆಸರ್‌ಗೆ ಅದು ಒಂದೇ ಗುಣಾಕಾರ. ಬ್ಯಾಂಕಿನ ಜಾಲತಾಣ ತೆರೆದಾಗ ನಡೆಯುವ ಗೂಢಲಿಪಿಯ ಕೆಲಸದಲ್ಲಿ ಬರುವುದು ಇಂಥ ದೊಡ್ಡ ಸಂಖ್ಯೆಗಳ ಗುಣಾಕಾರಗಳೇ. ಹಾಗಾಗಿ 256 ಎಂಬಿಯ ಗ್ರಾಹಕರಿಗೆ ಇದರಿಂದ ಏನೂ ಉಪಯೋಗವಿರಲಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ.

ಎಸ್‌ಪಿ ರಸ್ತೆ:

ಮೇಡಂ, ನಿಮ್ಮ ನಾಲ್ಕು ತಿಂಗಳ ಮಾತು ಓದಿ ಸುಮ್ಮನಾದೆ. ನಾನು ಕಂಡದ್ದು ನಮ್ಮ ಕೌಂಟರಿನ ಈಚೆಗಿನ ಜಗತ್ತು ಮಾತ್ರ.

ಕಂಪೈಲರ್ ಮನೆ:

ಮಗ್ಗಿ ಅವರ ಮಾತಿಗೆ ಒಂದು ಸೇರ್ಪಡೆ. ಎಎಂಡಿ ವಿಳಾಸವನ್ನು ಅಗಲಿಸಿದ್ದರ ಜೊತೆಗೆ ಸಾಮಾನ್ಯ ರಿಜಿಸ್ಟರುಗಳನ್ನು ಎಂಟರಿಂದ ಹದಿನಾರಕ್ಕೆ ಏರಿಸಿತು. ಹಳೆಯ ಎಂಟರಲ್ಲಿ ಒಂದು ಸ್ಟಾಕ್‌ಗೆ ಹೋಗುತ್ತಿತ್ತು, ಹಲವು ಸಲ ಇನ್ನೊಂದು ಫ್ರೇಮ್‌ಗೆ. ಉಳಿದ ಆರರಲ್ಲಿ ಲೂಪ್ ಒಂದನ್ನು ನಡೆಸುವಾಗ ಮೌಲ್ಯಗಳನ್ನು ಮೆಮೊರಿಗೆ ಇಳಿಸುವುದು, ಮತ್ತೆ ಎತ್ತಿಕೊಳ್ಳುವುದು ನಡೆದೇ ಇರುತ್ತಿತ್ತು. ಹದಿನಾರು ಸಿಕ್ಕಾಗ ನಮ್ಮಂಥವರಿಗೆ ಇಕ್ಕಟ್ಟಾದ ಅಡುಗೆಮನೆಯಿಂದ ಹಜಾರಕ್ಕೆ ಬಂದಂತಾಯಿತು. ಪಾಯಿಂಟರುಗಳು ಎರಡರಷ್ಟು ಉದ್ದವಾಗಿ ಕ್ಯಾಶ್ ಬೇಗ ತುಂಬುತ್ತದೆ ಎಂಬ ನಷ್ಟ ಇತ್ತು, ಆದರೆ ಬಹಳಷ್ಟು ಪ್ರೋಗ್ರಾಂಗಳಲ್ಲಿ ಹೆಚ್ಚಿನ ರಿಜಿಸ್ಟರುಗಳ ಲಾಭ ಆ ನಷ್ಟವನ್ನು ಮೀರಿಸುತ್ತಿತ್ತು.

ಮೂರನೆಯ ವರ್ಷ:

ನಮಸ್ಕಾರ, ಮೊದಲ ಬರಹದಲ್ಲಿ ಬಂದ ಮಗಳು ನಾನೇ. ಅಪ್ಪನ ವಾದಕ್ಕೆ ಆಧಾರ ಏನು ಎಂದು ಇಲ್ಲಿಯೇ ಕೇಳುತ್ತೇನೆ. ಇಂಟೆಲ್‌ಗೆ ಮಾಡಲು ಬರುತ್ತಿತ್ತು, ಬೇಕೆಂದೇ ಮಾಡಲಿಲ್ಲ ಎನ್ನುವುದಕ್ಕೆ ಸಾಕ್ಷಿ ಇದೆಯೇ?

ಹಳೆಯ ಮದರ್‌ಬೋರ್ಡ್:

ಇದೆ. ಬಾಬ್ ಕಾಲ್ವೆಲ್ ಎಂಬವರು ಪೆಂಟಿಯಂ ಪ್ರೋದಿಂದ ಪೆಂಟಿಯಂ 4ರವರೆಗೆ ಇಂಟೆಲ್‌ನ ಎಕ್ಸ್86 ಪ್ರೊಸೆಸರ್‌ಗಳ ಮುಖ್ಯ ವಿನ್ಯಾಸಕಾರರಾಗಿದ್ದವರು. ಪೆಂಟಿಯಂ 4ರಲ್ಲಿ ತಮ್ಮದೇ ಆದ 64 ಬಿಟ್ ರೂಪವೊಂದು ಇತ್ತೆಂದೂ, ಅದನ್ನು ಯಾರೂ ಬಳಸಲಾಗದಂತೆ ಫ್ಯೂಸ್ ಮೂಲಕ ಮುಚ್ಚಬೇಕಾಯಿತೆಂದೂ, ಇಟೇನಿಯಂಗೆ ಧಕ್ಕೆಯಾಗಬಾರದೆಂಬುದೇ ಅದಕ್ಕೆ ಕಾರಣವೆಂದೂ ಅವರು ಕಂಪನಿ ಬಿಟ್ಟ ಎಷ್ಟೋ ವರ್ಷಗಳ ಮೇಲೆ ಬಹಿರಂಗವಾಗಿ ಬರೆದಿದ್ದಾರೆ.

ಎರಡನೆಯದು ಚಿಪ್ಪಿನದೇ ಸಾಕ್ಷ್ಯ. 2004ರ ಫೆಬ್ರುವರಿ ಆರಂಭದಲ್ಲಿ ಪ್ರೆಸ್ಕಾಟ್ ಎಂಬ ಹೆಸರಿನ ಪೆಂಟಿಯಂ 4 ಬಂದಿತು. ಅದರ ಹಿಂದಿನ ನಾರ್ತ್‌ವುಡ್‌ನಲ್ಲಿ ಇದ್ದದ್ದು ಸುಮಾರು 5.5 ಕೋಟಿ ಟ್ರಾನ್ಸಿಸ್ಟರುಗಳು, ಇದರಲ್ಲಿ 12.5 ಕೋಟಿ. ಕ್ಯಾಶ್ 512 ಕೆಬಿಯಿಂದ 1 ಎಂಬಿಗೆ ಏರಿದ್ದನ್ನು ಲೆಕ್ಕಕ್ಕೆ ಹಿಡಿದರೂ ಅಷ್ಟು ಹೆಚ್ಚಳ ಏಕೆಂದು ನೋಡುವವರಿಗೆ ಬಗೆಹರಿಯಲಿಲ್ಲ. ಎರಡೇ ವಾರದಲ್ಲಿ ಬ್ಯಾರೆಟ್ ಅವರ ಪ್ರಕಟಣೆ ಬಂದಾಗ, 64 ಬಿಟ್‌ನ ವ್ಯವಸ್ಥೆ ಅಷ್ಟರಲ್ಲಾಗಲೇ ಅಂಗಡಿಯಲ್ಲಿದ್ದ ಚಿಪ್ಪಿನಲ್ಲಿಯೇ ಅಡಗಿತ್ತೆಂಬುದು ಗೊತ್ತಾಯಿತು. ಅದನ್ನು ಆರಿಸಿಟ್ಟು ಮಾರುತ್ತಿದ್ದರು. ಮೈಕ್ರೋಸಾಫ್ಟ್ 2002ರಲ್ಲಿಯೇ ಎಎಂಡಿಯ ವಿಸ್ತರಣೆಗೆ ವಿಂಡೋಸ್ ತರುವುದಾಗಿ ಹೇಳಿತ್ತು. ಎಕ್ಸ್86ಕ್ಕೆ ಎರಡು ಬೇರೆ ಬೇರೆ 64 ಬಿಟ್ ರೂಪಗಳಿಗಾಗಿ ವಿಂಡೋಸ್ ಮಾಡಲು ಅದು ಸಿದ್ಧವಿರಲಿಲ್ಲ ಎಂದು ಆಗಲೇ ವರದಿಯಾಗಿತ್ತು. ಹೀಗಾಗಿ ಇಂಟೆಲ್ ತನ್ನ ಮನೆಯ ರೂಪವನ್ನು ಬಿಟ್ಟು ಎಎಂಡಿಯ ರೂಪಕ್ಕೆ ಹೊಂದಿಕೊಳ್ಳಬೇಕಾಯಿತು. ತಡಮಾಡಿದ್ದಕ್ಕೆ ತೆತ್ತ ನಿಜವಾದ ಬೆಲೆ ಅದು. ಮಾರಾಟವನ್ನು ಮತ್ತೆ ಹಿಡಿಯಬಹುದು. ಬೇರೆಯವರು ಬರೆದ ವ್ಯಾಕರಣದಲ್ಲಿ ತನ್ನ ಮಾತು ಬರೆಯುವ ಸ್ಥಿತಿಯಿಂದ ಹಿಂದಿರುಗಲು ಆಗುವುದಿಲ್ಲ.

ಕರ್ನಲ್ ಓದುಗ:

ಆ ವ್ಯಾಕರಣವನ್ನೂ ಮೊದಲು ಪೂರ್ತಿಯಾಗಿ ಅಳವಡಿಸಿರಲಿಲ್ಲ. 2004ರ ಕ್ಸಿಯಾನ್ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವನಾಗಿ ಹೇಳುತ್ತಿದ್ದೇನೆ. ಇಂಟೆಲ್ ಇದಕ್ಕೆ ಇಎಂ64ಟಿ ಎಂಬ ಹೆಸರಿಟ್ಟಿತ್ತು. ಇಂಟೆಲ್ 64 ಎಂದು ಕರೆಯತೊಡಗಿದ್ದು 2006ರಲ್ಲಿ. ಆಪ್ಟೆರಾನ್ 40 ಬಿಟ್ ಭೌತಿಕ ವಿಳಾಸದಿಂದ 1 ಟಿಬಿವರೆಗೆ ಮೆಮೊರಿ ಮುಟ್ಟುತ್ತಿದ್ದರೆ, ಮೊದಲ ಕ್ಸಿಯಾನ್ ಹಳೆಯ 36 ಬಿಟ್‌ನಲ್ಲಿಯೇ, ಅಂದರೆ 64 ಜಿಬಿಯಲ್ಲಿಯೇ ನಿಂತಿತ್ತು. ಮೆಮೊರಿಯ ಒಂದು ಪುಟದಲ್ಲಿರುವುದು ದತ್ತಾಂಶ ಮಾತ್ರ, ಅದನ್ನು ಪ್ರೋಗ್ರಾಂ ಎಂದು ಓಡಿಸಬಾರದು ಎಂದು ಗುರುತು ಹಾಕುವ ರಕ್ಷಣೆಯ ಬಿಟ್ ಎಎಂಡಿಯಲ್ಲಿ ಮೊದಲಿನಿಂದಲೂ ಇತ್ತು. ಇಂಟೆಲ್‌ಗೆ ಅದು ಆಮೇಲೆ ಬಂದಿತು.

ನಮಗೆ ಹೆಚ್ಚು ಕಾಟ ಕೊಟ್ಟದ್ದು ಇನ್ನೊಂದು ಕೊರತೆ. ಆ ಕಾಲದ ಎಷ್ಟೋ ಡಿಸ್ಕ್ ಮತ್ತು ನೆಟ್‌ವರ್ಕ್ ಕಾರ್ಡುಗಳಿಗೆ 32 ಬಿಟ್ ವಿಳಾಸ ಮಾತ್ರ ಗೊತ್ತಿತ್ತು. 4 ಜಿಬಿಗಿಂತ ಮೇಲಿನ ಮೆಮೊರಿಗೆ ಅವು ನೇರವಾಗಿ ಬರೆಯಲಾರವು. ಆಪ್ಟೆರಾನ್‌ನಲ್ಲಿ ಆ ವಿಳಾಸಗಳನ್ನು ಬದಲಿಸಿಕೊಡುವ ಯಂತ್ರಾಂಶ ಇತ್ತು. ಕ್ಸಿಯಾನ್‌ನಲ್ಲಿ ಇಲ್ಲದ್ದರಿಂದ ಕರ್ನಲ್, ಅಂದರೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳು, 4 ಜಿಬಿಯ ಕೆಳಗೆ ಸ್ವಲ್ಪ ಜಾಗ ಕಾದಿರಿಸಿ, ಕಾರ್ಡಿನಿಂದ ಬಂದದ್ದನ್ನು ಅಲ್ಲಿ ಇಳಿಸಿಕೊಂಡು, ಮತ್ತೆ ಮೇಲಕ್ಕೆ ನಕಲು ಮಾಡಬೇಕಾಗಿತ್ತು. ಒಂದೇ ಮೂಟೆಯನ್ನು ಎರಡು ಸಲ ಹೊತ್ತ ಹಾಗೆ. ಭಾರವಾದ ಕೆಲಸ ಬಿದ್ದಾಗ ಆ ಕಾದಿರಿಸಿದ ಜಾಗವೂ ತುಂಬಿ ಡಿಸ್ಕಿನ ಕೆಲಸ ನಿಲ್ಲುತ್ತಿತ್ತು. ಅಂಥ ಒಂದು ರಾತ್ರಿಯನ್ನು ಸರ್ವರ್ ಕೋಣೆಯಲ್ಲಿಯೇ ಕಳೆದಿದ್ದೇನೆ.

ನ್ಯಾಯವಾಗಿ ಹೇಳಬೇಕೆಂದರೆ ಎಎಂಡಿಯ ಮೊದಲ ಚಿಪ್ಪುಗಳಲ್ಲಿಯೂ ಕೊರತೆಗಳಿದ್ದವು. 16 ಬೈಟ್‌ಗಳನ್ನು ಒಂದೇ ಬಾರಿಗೆ ಹೋಲಿಸಿ ಬದಲಿಸುವ ಸೂಚನೆ ಅವುಗಳಲ್ಲಿ ಇರಲಿಲ್ಲ. 2013ರಲ್ಲಿ ಬಂದ 64 ಬಿಟ್ ವಿಂಡೋಸ್ 8.1ಕ್ಕೆ ಅದು ಕಡ್ಡಾಯವಾದಾಗ ಹಲವು ಹಳೆಯ ಆಥ್ಲಾನ್ 64 ಯಂತ್ರಗಳು ಹೊರಗುಳಿದವು.

ಒಂದು ಸಂತೋಷದ ಸಂಗತಿಯನ್ನೂ ಸೇರಿಸುತ್ತೇನೆ. ಎಎಂಡಿ ವಿವರಗಳನ್ನೂ ಸಿಮ್ಯುಲೇಟರನ್ನೂ ಮೊದಲೇ ಕೊಟ್ಟಿದ್ದರಿಂದ ಲಿನಕ್ಸ್ ಹಂಚುವ ಸೂಸೆ ಕಂಪನಿಯವರು ಮತ್ತು ಇತರರು ನಿಜವಾದ ಚಿಪ್ ಕೈಗೆ ಬರುವ ಮೊದಲೇ ಲಿನಕ್ಸನ್ನು ಸಿದ್ಧಪಡಿಸಿದ್ದರು. ಆಪ್ಟೆರಾನ್ ಅಂಗಡಿಗೆ ಬಂದ ದಿನವೇ ಅದಕ್ಕೆ ತಕ್ಕ ವ್ಯವಸ್ಥೆ ಇತ್ತು. ಡೆಬಿಯನ್ ಕಡತದಲ್ಲಿ ಇವತ್ತಿಗೂ ಎಎಂಡಿ64 ಎಂಬ ಹೆಸರು ಉಳಿದಿರುವುದು ಆ ದಿನಗಳಿಂದ.

ಸಂಘದ ಲೆಕ್ಕಿಗ:

ನಾನು ಮಲೆನಾಡಿನ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವನು, ಚಿಪ್ಪಿನ ಒಳಗಿನ ವಿಷಯ ತಿಳಿಯದು. ನಮ್ಮ ಸಾಲದ ಖಾತೆಗಳೆಲ್ಲ ಡಾಸ್‌ನ ಫಾಕ್ಸ್‌ಪ್ರೊ ಪ್ರೋಗ್ರಾಂ ಒಂದರಲ್ಲಿದ್ದವು. 2011ರಲ್ಲಿ ಹೊಸ ಕಂಪ್ಯೂಟರ್ ಬಂದಾಗ ಅದು ತೆರೆಯಲೇ ಇಲ್ಲ. 64 ಬಿಟ್‌ನಲ್ಲಿ ಓಡುವುದಿಲ್ಲ ಎಂದು ಬಂದವರು ಹೇಳಿ ಹೋದರು. ಮಾರ್ಚ್ ಕೊನೆಯ ವಾರ, ಲೆಕ್ಕ ಮುಗಿಸಬೇಕು. ಹಳೆಯ ಯಂತ್ರದ ಡಿಸ್ಕನ್ನು ಮತ್ತೆ ಜೋಡಿಸಿ, ಎರಡು ರಾತ್ರಿ ಕುಳಿತು ಮುಗಿಸಿದೆವು. ಹೊಸದು 64 ಬಿಟ್ ಆದರೆ ಹಳೆಯದೆಲ್ಲ ಓಡುತ್ತದೆ ಎಂಬುದೇ ಎಎಂಡಿಯ ಹೆಚ್ಚುಗಾರಿಕೆ ಎನ್ನುತ್ತೀರಿ. ನಮ್ಮದು ಏಕೆ ಓಡಲಿಲ್ಲ?

ಕರ್ನಲ್ ಓದುಗ:

ಸರ್, ಹಳೆಯದೆಲ್ಲ ಎಂದರೆ 32 ಬಿಟ್ ಪ್ರೋಗ್ರಾಂಗಳು. ಡಾಸ್ ಪ್ರೋಗ್ರಾಂ ನಡೆಸಲು 386ರ ಕಾಲದಿಂದ ಬಂದ ಒಂದು ವಿಶೇಷ ಸ್ಥಿತಿ ಬೇಕು. ಪ್ರೊಸೆಸರ್ 64 ಬಿಟ್ ಸ್ಥಿತಿಯಲ್ಲಿ ನಡೆಯುತ್ತಿರುವಾಗ ಆ ಸ್ಥಿತಿಗೆ ಹೋಗುವುದನ್ನು ಎಎಂಡಿ ವಿನ್ಯಾಸದಲ್ಲಿಯೇ ಕೈಬಿಟ್ಟಿತು. ಆದ್ದರಿಂದ 64 ಬಿಟ್ ವಿಂಡೋಸ್‌ನಲ್ಲಿ ಡಾಸ್ ನಡೆಸುವ ಭಾಗವೇ ಇಲ್ಲ. ಅದೇ ಯಂತ್ರಕ್ಕೆ 32 ಬಿಟ್ ವಿಂಡೋಸ್ ಹಾಕಿದ್ದರೆ ನಿಮ್ಮ ಖಾತೆ ತೆರೆಯುತ್ತಿತ್ತು. ಈಗಲೂ ಬೇಕಿದ್ದರೆ ಡಾಸ್ ಅನ್ನು ಅನುಕರಿಸುವ ಡಾಸ್‌ಬಾಕ್ಸ್ ತಂತ್ರಾಂಶದಲ್ಲಿ ಓಡಿಸಬಹುದು. ಕಡತಗಳ ಪ್ರತಿ ತೆಗೆದಿಟ್ಟುಕೊಂಡು ಪ್ರಯತ್ನಿಸಿ.

ವರ್ತೂರು ಕೆರೆ:

ಬೆಂಗಳೂರಿಗೂ ಈ ಕಥೆಗೂ ನೇರ ಸಂಬಂಧವೊಂದಿದೆ. ಇಂಟೆಲ್‌ನ ಬೆಂಗಳೂರು ವಿನ್ಯಾಸ ಕೇಂದ್ರದಲ್ಲಿ ನಾಲ್ಕು ಕೋರ್‌ಗಳ ಕ್ಸಿಯಾನ್ ಒಂದರ ಕೆಲಸ ನಡೆದಿತ್ತು. ಅದಕ್ಕೆ ಇಟ್ಟ ಹೆಸರು ನಮ್ಮ ವೈಟ್‌ಫೀಲ್ಡ್‌ನದು. ಇಟೇನಿಯಂ ಮತ್ತು ಕ್ಸಿಯಾನ್ ಎರಡಕ್ಕೂ ಒಂದೇ ಬಗೆಯ ಸಂಪರ್ಕ ವ್ಯವಸ್ಥೆ ತರುವ ಯೋಜನೆಯ ಭಾಗವಾಗಿತ್ತು ಅದು. 2005ರ ಅಕ್ಟೋಬರ್‌ನಲ್ಲಿ ಅದನ್ನು ರದ್ದು ಮಾಡಿದರು. ಆ ಊರಿನ ಹೆಸರು ಹೊತ್ತ ಚಿಪ್ ಹೊರಬರುತ್ತದೆ ಎಂದು ಕಾದಿದ್ದ ನಮಗೆಲ್ಲ ಆ ದಿನ ಮನೆಯ ಸಾವಿನ ಸುದ್ದಿ ಬಂದಂತಾಗಿತ್ತು. ಬೆಂಗಳೂರಿನ ತಂಡ ಅಲ್ಲಿಗೆ ನಿಲ್ಲಲಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಆರು ಕೋರ್‌ಗಳ ಕ್ಸಿಯಾನ್ 7400, ಒಳಹೆಸರಿನಲ್ಲಿ ಡನ್ನಿಂಗ್ಟನ್, ಬಹುಪಾಲು ಇಲ್ಲಿ ರೂಪುಗೊಂಡದ್ದು. ಅದರಲ್ಲಿದ್ದದ್ದು ಎಎಂಡಿ ಹಾಕಿಕೊಟ್ಟ 64 ಬಿಟ್ ವ್ಯವಸ್ಥೆಯೇ.

ಕಂಪೈಲರ್ ಮನೆ:

ಇಟೇನಿಯಂನ ಕೊನೆಯನ್ನೂ ದಾಖಲಿಸಿಬಿಡುತ್ತೇನೆ. ಕೊನೆಯ ಚಿಪ್ಪುಗಳು ಇಂಟೆಲ್‌ನಿಂದ ಹೊರಟದ್ದು 2021ರ ಜುಲೈನಲ್ಲಿ. 2023ರ ಕೊನೆಯಲ್ಲಿ ಲಿನಕ್ಸ್ ಕರ್ನಲ್‌ನಿಂದ ಅದರ ಭಾಗವನ್ನು ತೆಗೆದುಹಾಕಿದರು. ಅದೇ ವರ್ಷ ಇಂಟೆಲ್ 16 ಬಿಟ್‌ನ ಹಳೆಯ ಸ್ಥಿತಿಗಳನ್ನೆಲ್ಲ ಬಿಟ್ಟು 64 ಬಿಟ್‌ನಲ್ಲಿಯೇ ಎದ್ದೇಳುವ ಪ್ರೊಸೆಸರ್‌ನ ಪ್ರಸ್ತಾಪವನ್ನು ಎಕ್ಸ್86-ಎಸ್ ಎಂಬ ಹೆಸರಿನಲ್ಲಿ ಮುಂದಿಟ್ಟು, 2024ರ ಡಿಸೆಂಬರ್‌ನಲ್ಲಿ ಅದನ್ನು ಕೈಬಿಟ್ಟಿತು. ಈಗ ಎಕ್ಸ್86ರ ಮುಂದಿನ ಬದಲಾವಣೆಗಳನ್ನು ಚರ್ಚಿಸಲು ಇಂಟೆಲ್ ಮತ್ತು ಎಎಂಡಿ ಸೇರಿಯೇ ಒಂದು ಸಲಹಾ ಗುಂಪು ಮಾಡಿಕೊಂಡಿವೆ. 2003ರಲ್ಲಿ ಯಾರಾದರೂ ಹೀಗಾಗುತ್ತದೆ ಎಂದಿದ್ದರೆ ನಾನು ನಂಬುತ್ತಿರಲಿಲ್ಲ.

ಮೂರನೆಯ ವರ್ಷ:

ಅಟ್ಟದ ಮೇಲಿದ್ದ ಅಪ್ಪನ ಹಳೆಯ ಯಂತ್ರವನ್ನು ನಿನ್ನೆ ಭಾನುವಾರ ಇಳಿಸಿದೆವು. 2004ರಲ್ಲಿ ಕೊಂಡ, 2.8 ಗಿಗಾಹರ್ಟ್ಸ್‌ನ ಪ್ರೆಸ್ಕಾಟ್ ಪೆಂಟಿಯಂ 4. ದೂಳು ಒರೆಸಿ, ಫ್ಯಾನಿಗೆ ಎಣ್ಣೆ ಬಿಟ್ಟು, ಹೀಟ್‌ಸಿಂಕ್ ತೆಗೆದು ಹೊಸ ಪೇಸ್ಟ್ ಹಚ್ಚಿದೆವು. ಆಗ ಆ ಚಿಪ್ಪನ್ನು ಕೈಯಲ್ಲಿ ಹಿಡಿದು ನೋಡಿದೆ. ಮೇಲಿನ ಲೋಹದ ಮುಚ್ಚಳದಲ್ಲಿ ಅಕ್ಷರಗಳು ಇನ್ನೂ ಓದಲು ಬರುತ್ತವೆ. ಮೂರನೆಯ ಪ್ರಯತ್ನಕ್ಕೆ ಯಂತ್ರ ಎದ್ದಿತು. ನನ್ನ ಲ್ಯಾಪ್‌ಟಾಪ್‌ಗೆಂದು ಇಳಿಸಿಕೊಂಡಿದ್ದ ಅದೇ ಎಎಂಡಿ64 ಕಡತವನ್ನು ಡಿವಿಡಿಗೆ ಬರೆದು ಹಾಕಿದೆ. ಮೊದಲ ಪರದೆ ಬಂದಿತು, ಎಂಟರ್ ಒತ್ತಿದೆ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು ಮೂಡಿತು: ಈ ಕರ್ನಲ್‌ಗೆ ಎಕ್ಸ್86-64 ಪ್ರೊಸೆಸರ್ ಬೇಕು, ಇಲ್ಲಿ ಕಂಡದ್ದು ಐ686 (32 ಬಿಟ್‌ನದು) ಮಾತ್ರ. ಅಪ್ಪ ಬಹಳ ಹೊತ್ತು ಆ ಸಾಲನ್ನೇ ನೋಡುತ್ತಾ ಕುಳಿತಿದ್ದರು.